ಕರಕಿಯ ವೈರಿ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಸುಟ್ಟ ಹುಣಸೆಬೀಜದಂಥ ಕರಿಯ ಗಂಟೊಂದಿತ್ತು. ರೊಟ್ಟಿ ಬಡಿಯುವಾಗ ಆ ಗಂಟು ಅಂಚಿನಲ್ಲಿ ಸಣ್ಣದೊಂದು ಕುಳಿ ಬಿಡುತ್ತಿತ್ತು. ಹೆಂಡತಿ ಬಡಿದ ರೊಟ್ಟಿ ಯಾವುದು, ಅವಳ ತಾಯಿ ಬಡಿದದ್ದು ಯಾವುದು ಎಂದು ತಾಟಿಗೆ ಬಿದ್ದ ಕೂಡಲೇ ನನಗೆ ತಿಳಿಯುತ್ತಿತ್ತು. ಕುಳಿ ಇದ್ದ ರೊಟ್ಟಿಯೇ ರುಚಿಯಾಗಿರುತ್ತಿತ್ತು. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಆ ಉಗುರು ಹೋದದ್ದು ಕರಕಿಯಿಂದ. ಗಣಪತಿಗೆ ಏರಿಸುವ ಗರಿಕೆಗೆ ನಮ್ಮ ಕಡೆ ಕರಕಿ ಅನ್ನುತ್ತಾರೆ. ದೇವರ ತಲೆಯ ಮೇಲೆ ಇದ್ದಾಗ ಅದು ಪವಿತ್ರ. ಕಪ್ಪುಮಣ್ಣಿನ ಎರೆ ಹೊಲಕ್ಕೆ ಹೊಕ್ಕಿತೋ, ಮನೆತನಕ್ಕೆ ಹಿಡಿದ ರೋಗ. ಮೇಲೆ ಗೇಣು ಕಾಣುವ ಹುಲ್ಲು ಕೆಳಗೆ ಎಲ್ಲಿಯ ತನಕ ಇಳಿದಿರುತ್ತದೋ ಹೇಳಲಾಗದು. ಕುಂಟೆ ಹೊಡೆದರೆ ತುಂಡಾಗುತ್ತದೆ, ತುಂಡಾದದ್ದೆಲ್ಲ ಮತ್ತೆ ಚಿಗುರುತ್ತದೆ. ಸುಡುವ ಬೇಸಿಗೆಯಲ್ಲಿ ನೆಲ ಅಗೆದು, ಬೇರಿನ ತುದಿ ಸಮೇತ ಎತ್ತಿ, ಬಿಸಿಲಿಗೆ ಒಣಹಾಕುವುದೊಂದೇ ಅದಕ್ಕೆ ಮದ್ದು. ಹುನಗುಂದ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಹಳ್ಳಿಗೆ ಅತ್ತೆ ಸೊಸೆಯಾಗಿ ಬಂದಾಗ ಗಂಡನ ಹೊಲದ ತುಂಬ ಕರಕಿಯೇ ಇತ್ತಂತೆ. ಅವರ ಹರೆಯವೆಲ್ಲ ಅದನ್ನು ಕಡಿಯುವುದರಲ್ಲೇ ಹೋಯಿತು. ಒಮ್ಮೆ ಗಂಡ ಗುದ್ದಲಿ ಎತ್ತಿದ ಹೊತ್ತಿಗೆ ಇವರು ಬೇರು ಹಿಡಿದು ಜಗ್ಗುತ್ತಿದ್ದರು. ಉಗುರು ಅಲ್ಲೇ ಹೊಲದಲ್ಲಿ ಉಳಿಯಿತು.

ಇದನ್ನೆಲ್ಲ ಅವರು ನನಗೆ ಹೇಳಲಿಲ್ಲ, ನಮ್ಮ ಪಡಸಾಲೆಯ ಕಂಬಕ್ಕೆ ಹೇಳಿದರು.

ಅವರ ಕಾಲದ ಹೆಣ್ಣುಮಕ್ಕಳು ಅಳಿಯನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಸೆರಗು ಮುಂದೆಳೆದುಕೊಂಡು ಬಾಗಿಲ ಮರೆಗೆ ನಿಂತು, ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಿದ್ದರು. ಮಗಳಿಲ್ಲದಿದ್ದರೆ ಗೋಡೆಗೆ. ಬೇರೆಯವರ ಮನೆಗಳಲ್ಲಿ ಇದು ಮರ್ಯಾದೆಯ ಪದ್ಧತಿ, ನಮ್ಮ ಮನೆಯಲ್ಲಿ ಮಾತ್ರ ಆಯುಧ. ಎದುರಿಗೆ ಬೈದರೆ ತಿರುಗಿ ಬೈಯಬಹುದು. ಕಂಬಕ್ಕೆ ಬೈದರೆ ಏನು ಮಾಡುವುದು? ಕಂಬದ ಪರ ವಹಿಸಿಕೊಂಡು ಮಾತಾಡಲು ನನಗೇನು ಹುಚ್ಚೇ?

ನಮ್ಮ ಜಗಳ ಶುರುವಾದದ್ದು ನನ್ನ ಲಾನಿನಿಂದ. ಎಪ್ಪತ್ತರ ದಶಕದ ಕೊನೆಗೆ ನಾನು ಇಳಕಲ್ಲಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಕೆಂಪು ಗ್ರಾನೈಟು ತೆಗೆಸುವ ಕಂಪನಿಯೊಂದರಲ್ಲಿ ಆಗ ನಾನು ಹೆಡ್ ಕ್ಲಾರ್ಕ್. ಕಂಪನಿಯ ಗೆಸ್ಟ್ ಹೌಸಿನ ಮುಂದೆ ಒಂದು ಹಸಿರು ಚೌಕ. ಅದರ ಮೇಲೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಸಾಹೇಬರು ಚಹಾ ಕುಡಿಯುತ್ತಿದ್ದರು. ಊರಿಡೀ ಕಲ್ಲಿನ ಪುಡಿ ತಿನ್ನುವಾಗ ಆ ಚೌಕವೊಂದು ತಣ್ಣಗಿರುತ್ತಿತ್ತು. ಬದುಕಿದರೆ ಹೀಗೆ ಬದುಕಬೇಕು ಅಂತ ನನ್ನ ತಲೆಗೆ ಹೊಕ್ಕಿತು. ಅಲ್ಲಿಯ ಮಾಲಿಯನ್ನು ಕರೆಸಿ, ನಮ್ಮ ಮನೆಯ ಮುಂದಿನ ಜಾಗಕ್ಕೆಲ್ಲ ಹುಲ್ಲು ಹಚ್ಚಿಸಿದೆ. ಹುಬ್ಬಳ್ಳಿಯಿಂದ ತರಿಸಿದ ಹುಲ್ಲು ಅಂದ. ಅದು ಕರಕಿಯೇ ಎಂದು ನನಗೆ ತಿಳಿಯಲಿಲ್ಲ. ತಿಳಿದಿದ್ದರೂ ಲಾನ್ ಎಂದೇ ಕರೆಯುತ್ತಿದ್ದೆ.

ಹುಲ್ಲು ಬಂದ ಮೇಲೆ ನನ್ನ ನಿದ್ದೆ ಹೋಯಿತು. ನಾನು ಮೊದಲೇ ಚಿಂತೆಯ ಮನುಷ್ಯ. ಬಸ್ಸು ಹೊತ್ತಿಗೆ ಬಂದರೆ ಇಷ್ಟು ಬೇಗ ಯಾಕೆ ಬಂತು ಎಂದು ಚಿಂತೆ ಮಾಡುವವನು. ಈಗ ಹುಲ್ಲು ಹಳದಿಯಾದೀತು, ಆಡು ನುಗ್ಗೀತು, ಯಾರಾದರೂ ತುಳಿದಾರು ಎಂಬ ಚಿಂತೆ. ಬಂದವರಿಗೆಲ್ಲ "ಹಿತ್ತಲ ಕಡಿಂದ ಬರ್ರಿ" ಎಂದು ಕೂಗುತ್ತಿದ್ದೆ. ಬಾಜೂ ಮನೆಯ ನೇಕಾರ ಒಮ್ಮೆ ಗೇಟಿನಲ್ಲಿ ನಿಂತು, "ಏನ್ರಿ, ಸೀರಿ ನೂಲಿನ ಹಾಸು ಹಾಕಾಕ ಜಾಗಾ ಚೊಲೋ ಐತಿ, ಒಂದಿನ ಕೊಡ್ರಿ" ಅಂದ. ಒಂದು ವಾರ ಅವನ ಜೊತೆ ಮಾತು ಬಿಟ್ಟೆ. ಆ ಲಾನಿನ ಮೇಲೆ ಕುರ್ಚಿ ಹಾಕಿಕೊಂಡು ನಾನೂ ಕೂತಿರಲಿಲ್ಲ, ಹುಲ್ಲಿಗೆ ನೋವಾದೀತೆಂದು.

ಅಷ್ಟರಲ್ಲಿ ಅತ್ತೆಯ ಹಳ್ಳಿ ಮುಳುಗುವ ಪಾಳಿ ಬಂತು. ಆಣೆಕಟ್ಟಿನ ಹಿನ್ನೀರು ಏರುತ್ತ ಬಂದು ಹೊಲ ಮೊದಲು ಹೋಯಿತು, ಮನೆ ಆಮೇಲೆ. ಮಾವ ತೀರಿಹೋಗಿದ್ದರು, ಗಂಡುಮಕ್ಕಳಿಲ್ಲ. ಇದ್ದವಳು ಒಬ್ಬಳೇ ಮಗಳು, ನನ್ನ ಹೆಂಡತಿ. ಮಗಳ ಮನೆಯಲ್ಲಿ ಕೂತು ಉಣ್ಣುವುದೆಂದರೆ ಅತ್ತೆಗೆ ಮೈಯೆಲ್ಲ ಮುಳ್ಳು. ಆದರೂ ಬಂದರು, ಟ್ರಾಕ್ಟರಿನ ಟ್ರೇಲರಿನಲ್ಲಿ ಕೂತು. ಹಂಡೆ, ಕೊಪ್ಪರಿಗೆ ಇರಬಹುದೆಂದು ನೋಡಿದರೆ ಬರೀ ಹಸಿ ಗೋಣಿಚೀಲಗಳು. ಚೀಲದ ಬಾಯಿಂದ ಮುಳ್ಳುಕಂಟಿಗಳು ಹೊರಗೆ ಚಾಚಿದ್ದವು.

ಇಳಿದವರು ಗೇಟಿನಲ್ಲೇ ನಿಂತರು. ಲಾನ್ ನೋಡಿದರು. ಬಗ್ಗಿ ಒಂದು ಎಳೆ ಕಿತ್ತು ಮೂಸಿದರು. ಆಮೇಲೆ ಸೆರಗು ಎಳೆದುಕೊಂಡು ಗೇಟಿನ ಕಲ್ಲಿಗೆ ಹೇಳಿದರು:

"ಇದನ್ನ ಕಡದು ಕಡದು ನನ್ನ ನಡಾ ಹೋತು. ಇಲ್ಲಿ ನೀರ ಹಾಕಿ ಸಾಕ್ಯಾರ! ಥೂ!"

ಉಗುಳಿದ್ದು ನೇರ ಲಾನಿನ ಮೇಲೆ ಬಿತ್ತು.

ಚೀಲಗಳಲ್ಲಿ ಇದ್ದವು ಅವರ ಹೊಲದ ಬದುವಿನ ಗಿಡಗಳು. ತಂಗಡಿ, ಲಕ್ಕಿ, ಕವಳಿ, ಬಾರಿಯ, ಅಂದರೆ ಬೋರೆಹಣ್ಣಿನ, ಒಂದು ಸಸಿ, ಒಂದು ಬನ್ನಿ. ಬೇರಿಗೆ ಅಂಟಿದ ಎರೆಮಣ್ಣು ಸಮೇತ ಎಬ್ಬಿಸಿಕೊಂಡು ಬಂದಿದ್ದರು. ಮೊದಲು ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಸುತ್ತ ನೆಟ್ಟರು. ಅಲ್ಲಿ ಜಾಗ ಮುಗಿಯಿತು. ಒಂದು ಮುಂಜಾನೆ ನೋಡುತ್ತೇನೆ, ನನ್ನ ಲಾನಿನ ಮೂಲೆಯನ್ನು ಅಗೆದು ಲಕ್ಕಿ ಕಂಟಿ ನಿಲ್ಲಿಸಿದ್ದಾರೆ.

"ನಿಮ್ಮವ್ವಗ ಹೇಳು," ಹೆಂಡತಿಗೆ ಅಂದೆ. "ಕಂಟಿ ಬೆಳದ್ರ ಹಾವು ಬರ್ತಾವು."

ಅತ್ತೆ ಕಂಬಕ್ಕೆ ಅಂದರು: "ಹೊಲದಾಗ ಹಾವಿನ ಕೂಡ ಬಾಳೇವಿ. ಇಂಥಾ ಮನಶ್ಯಾನ ಕೂಡ ಬಾಳೂದೇ ಕಠಿಣ ಐತಿ."

"ಇಬ್ಬರೂ ಕೂಡಿ ನನ್ನ ಕೊಲ್ರಿ," ಎಂದು ಹೆಂಡತಿ ಒಳಗೆ ಹೋದಳು.

ನಾನು ಕತ್ತರಿ ತಂದು ಅವರ ಕಣ್ಣೆದುರಿಗೇ ಲಕ್ಕಿಯ ಟೊಂಗೆ ಕತ್ತರಿಸಿದೆ. ಮರುದಿನ ಸಂಜೆ ಆಫೀಸಿನಿಂದ ಬಂದರೆ ನೇಕಾರನ ಮನೆಯ ಆಡನ್ನು ತಂದು ಲಾನಿನ ನಟ್ಟನಡುವೆ ಕಟ್ಟಿದ್ದಾರೆ. ಆಡು ಹೊಟ್ಟೆ ಬಿರಿಯೆ ಮೇದು, ಲಕ್ಕಿಯನ್ನು ಮೂಸಿ ಮೂತಿ ತಿರುವಿ, ನನ್ನ ಕಡೆ ನೋಡಿ ಹಿಕ್ಕೆ ಹಾಕಿತು. ಆವತ್ತಿನಿಂದ ಅತ್ತೆ ನನಗೊಂದು ಹೆಸರಿಟ್ಟರು: ಹುಲ್ಲಿನ ಗೌಡ್ರು. "ಹುಲ್ಲಿನ ಗೌಡ್ರು ಎದ್ರೇನು ನೋಡು", "ಹುಲ್ಲಿನ ಗೌಡ್ರಿಗೆ ಪಲ್ಯಾ ಬೇಕೇನು ಕೇಳು". ಎಲ್ಲ ಕಂಬದ ಮುಖಾಂತರ. ಓಣಿಯವರಿಗೂ ಆ ಹೆಸರೇ ಬಾಯಿಗೆ ಹತ್ತಿತು.

ಅತ್ತೆಯೇನು ಎಲ್ಲ ಬಲ್ಲವರಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಬದುವಿನ ಗಿಡಕ್ಕೆ ನೀರು ಹಾಕಿದರೆ ಹೇಡಿಯಾಗುತ್ತದೆ ಎಂದು ಹಟ ಹಿಡಿದು ಮೊದಲು ನೆಟ್ಟ ಕವಳಿಯನ್ನು ಒಣಗಿಸಿ ಕೊಂದರು. ತಪ್ಪು ಒಪ್ಪಿಕೊಂಡರೇ? "ಮುಂಜಾನೆದ್ದು ಅದರ ಮುಂದ ಯಾರ ಮುಖಾ ಹಾಯ್ತೈತಿ ನೋಡು, ಹ್ಯಾಂಗ ಬದುಕೀತು" ಎಂದು ಕಂಬಕ್ಕೆ ಹೇಳಿದರು.

ಆ ಹೊತ್ತಿಗೆ ನಮ್ಮ ಆಫೀಸಿನಲ್ಲಿ ಸೂಪರಿಂಟೆಂಡೆಂಟನ ಜಾಗ ಖಾಲಿ ಆಯಿತು. ಸಾಹೇಬರನ್ನು ಭಾನುವಾರ ಚಹಾಕ್ಕೆ ಕರೆದೆ. ಬೆತ್ತದ ಕುರ್ಚಿ ಬಾಡಿಗೆಗೆ ತಂದೆ. ಹುಲ್ಲು ಹೊಳೆಯಲಿ ಎಂದು ಹಗಲೆಲ್ಲ ಪೈಪು ಹಿಡಿದು ನೀರು ಕುಡಿಸಿದೆ. ಸಾಹೇಬರು ಹೊರರಾಜ್ಯದವರು, ಕನ್ನಡ ಬಾರದು. ಬಂದರು, "ಬ್ಯೂಟಿಫುಲ್" ಅಂದರು. ನನ್ನ ಎದೆ ಉಬ್ಬಿತು. ಪಡಸಾಲೆಯಿಂದ ದನಿ ಬಂತು:

"ಮನ್ಯಾಗ ದನಾ ಇಲ್ಲ, ಹುಲ್ಲು ಬೆಳಸ್ಯಾರ. ಈಗ ಮೇಯಾಕ ಯಾರನ್ನ ಕರಕೊಂಡು ಬಂದಾರ ನೋಡು."

ಅಮ್ಮ ಏನನ್ನುತ್ತಾರೆ ಎಂದು ಸಾಹೇಬರು ನಗುತ್ತ ಕೇಳಿದರು. ನೀವು ನಮ್ಮ ಮನೆಗೆ ಬಂದದ್ದು ಭಾಳ ಸಂತೋಷ ಅಂತಾರೆ ಅಂದೆ. ಅವರು ಪಡಸಾಲೆಯ ಕಡೆ ಕೈಮುಗಿದು ಕೂತರು. ನಾನು ಕುಡಿಸಿದ ನೀರು ಆಗ ಕೆಲಸ ಮಾಡಿತು. ಕುರ್ಚಿಯ ಹಿಂದಿನ ಎರಡು ಕಾಲು ಕೆಸರಿನಲ್ಲಿ ಮೆಲ್ಲಗೆ ಇಳಿಯತೊಡಗಿದವು. ಸಾಹೇಬರು ಚಹಾದ ಕಪ್ಪು-ಬಸಿ ಸಮೇತ ಆಕಾಶದ ಕಡೆ ಮುಖ ಮಾಡಿದರು, ಆಮೇಲೆ ಕಾಣಲಿಲ್ಲ. ಎತ್ತಿ ನಿಲ್ಲಿಸಿದಾಗ ಬೆನ್ನ ತುಂಬ ಎರೆಮಣ್ಣು. ಸೂಪರಿಂಟೆಂಡೆಂಟನ ಜಾಗ ಬೇರೆಯವನಿಗೆ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಕಂಬದ ಅಭಿಪ್ರಾಯ ಬೇರೆ ಇತ್ತು.

ಹಾವಿನ ಚಿಂತೆಯೂ ಒಂದು ದಿನ ಖರೆ ಆಯಿತು. ಕತ್ತಲಾಗುವ ಹೊತ್ತು. ಲಕ್ಕಿಯ ಬುಡದಿಂದ ಉದ್ದಕ್ಕೆ ಕರ್ರಗೆ ಹರಿದುಬಂದದ್ದು ಕಂಡು, ಕೈಗೆ ಸಿಕ್ಕ ಹಾರೆಯಿಂದ ಹೊಡೆದೆ. ಮತ್ತೆ ಮತ್ತೆ ಹೊಡೆದೆ. ಓಣಿ ಕೂಡಿತು. ಕಂದೀಲು ಹಿಡಿದು ನೋಡಿದರೆ ನನ್ನದೇ ರಬ್ಬರು ಪೈಪು, ಮೈತುಂಬ ತೂತು.

"ಸತ್ತೈತೇನು ಚೊಲೋತ್ನ್ಯಾಗ ನೋಡು, ಇನ್ನೂ ಉಸರ ಇದ್ದೀತು," ಎಂದರು ಅತ್ತೆ, ಕಂಬಕ್ಕೆ.

ಹೊಸ ಪೈಪು ತರುವಷ್ಟರಲ್ಲಿ ಬೇಸಿಗೆ ಬಂತು. ನಳ ನಿಂತಿತು, ಬಾವಿಯ ನೀರು ತಳ ಕಂಡಿತು. "ಕುಡ್ಯಾಕ ಬೇಕೋ, ನಿಮ್ಮ ಹುಲ್ಲಿಗೆ ಬೇಕೋ? ಹೇಳ್ರಿ" ಎಂದು ಹೆಂಡತಿ ಕೊಡ ಹಿಡಿದು ಕೇಳಿದಳು. ಲಾನ್ ಹಳದಿಯಾಗಿ ಆಮೇಲೆ ಬೂದಿಯಾಯಿತು. ನನಗೆ ಅನ್ನ ಸೇರದಾಯಿತು. ಅತ್ತೆಯ ಮುಖದ ಮೇಲೆ ಮಾತ್ರ ಹೊಸ ಕಳೆ. ಕರಕಿ ಕಡಿಯುವ ಹಂಗಾಮು ಅದೇ ಅಲ್ಲವೇ?

ಕಂಪನಿಯ ಕೆಲಸಕ್ಕೆಂದು ನಾನು ಕೆಲವು ದಿನ ಬಾಗಲಕೋಟೆಗೆ ಹೋಗಬೇಕಾಯಿತು. ತಿರುಗಿ ಬಂದು ಗೇಟು ತೆರೆದವನು ಅಲ್ಲೇ ನಿಂತೆ. ಲಾನ್ ಇರಲಿಲ್ಲ. ಜಾಗವೆಲ್ಲ ಮೊಣಕಾಲುದ್ದ ಅಗೆದು ಹೆಂಟೆ ಎಬ್ಬಿಸಿ ಹೊಲ ಮಾಡಿದ್ದರು. ಕಿತ್ತ ಕರಕಿಯ ಬೇರು ಕಂಪೌಂಡಿನ ಉದ್ದಕ್ಕೂ ಸತ್ತ ಹುಳುಗಳ ಹಾಗೆ ಒಣಗುತ್ತಿತ್ತು. ನಡುನಡುವೆ ಗುಣಿ ತೋಡಿ ತಂಗಡಿ, ಬಾರಿ, ಬದುಕುಳಿದ ಕವಳಿ ಇಟ್ಟಾಗಿತ್ತು. ಬನ್ನಿ ಸರಿಯಾಗಿ ಸಾಹೇಬರು ಬಿದ್ದ ಜಾಗದಲ್ಲಿ. ಕಟ್ಟೆಯ ಮೇಲೆ ಅತ್ತೆ ಕೂತಿದ್ದರು, ಅಂಗೈಯಲ್ಲಿ ಬೊಬ್ಬೆ, ಕಣ್ಣಲ್ಲಿ ನೆಮ್ಮದಿ.

ನಾನು ಜೀವನದಲ್ಲಿ ದನಿ ಎತ್ತಿದ್ದು ಕಡಿಮೆ. ಎತ್ತಿದರೆ ಗಂಟಲಿಗೆ ಏನಾದರೂ ಆದೀತೆಂದು ಚಿಂತೆ. ಆವತ್ತು ಎತ್ತಿದೆ. "ಈ ಮನ್ಯಾಗ ನಿಮ್ಮವ್ವ ಇರಬೇಕು, ಇಲ್ಲಾ ನಾ ಇರಬೇಕು. ಯಾರಂತ ಈಗ ಹೇಳು!" ಹೆಂಡತಿಗೆ ಅಂದದ್ದು. ಆದರೆ ಕಂಬದ ಪಕ್ಕದಲ್ಲೇ ನಿಂತು ಅಂದೆ. ಆ ಮನೆಯಲ್ಲಿ ಕಂಬದ ಪಕ್ಕ ನಿಂತು ಆಡಿದ ಮಾತು ಯಾರಿಗೆ ಎಂಬುದು ಮೂವರಿಗೂ ಗೊತ್ತಿತ್ತು.

ಮರುದಿನ ಮುಂಜಾನೆ ಅತ್ತೆ ಇರಲಿಲ್ಲ. ಒಂದು ಸೀರೆ, ಒಂದು ಕೌದಿ ತೆಗೆದುಕೊಂಡು ಮೊದಲ ಬಸ್ಸಿಗೆ ಹೋಗಿದ್ದರು. ಎಲ್ಲಿಗೆ ಹೋಗಬಲ್ಲರು? ಊರಿನ ಮೇಲೆ ನೀರು ನಿಂತಿದೆ. ಬಾದಾಮಿ ಕಡೆ ಶಿವಯೋಗ ಮಂದಿರಕ್ಕೆ ಹೋಗಿ, ದಾಸೋಹದಲ್ಲಿ ಕಾಯಿಪಲ್ಲೆ ಹೆಚ್ಚುತ್ತ ಅಲ್ಲೇ ಉಳಿದಿದ್ದಾರೆಂದು ಆಮೇಲೆ ತಿಳಿಯಿತು. ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಕುಳಿ ಇಲ್ಲದ ರೊಟ್ಟಿ ಬಡಿದು ತಾಟಿಗೆ ಹಾಕಿ, ನನ್ನ ಜೊತೆ ಮಾತಾಡುವುದನ್ನೇ ಬಿಟ್ಟಳು. ಉಪ್ಪು ಬೇಕಾದರೆ ನಾನೇ ಕಂಬಕ್ಕೆ ಹೇಳಬೇಕಾಯಿತು.

ಮೊದಲ ಮಳೆ ಬಿತ್ತು. ಅದರ ಮರುವಾರ ನಾನು ಬಸ್ಸು ಹತ್ತಿದೆ. ಹುನಗುಂದ, ಅಮೀನಗಡ, ಗುಳೇದಗುಡ್ಡ ದಾಟುವ ತನಕ ಏನು ಹೇಳಬೇಕೆಂದು ಮನಸ್ಸಿನಲ್ಲೇ ಪಾಠ ಮಾಡಿದೆ. ಬಾದಾಮಿಯಲ್ಲಿ ಇಳಿಯುವಾಗ ಎಲ್ಲ ಮರೆತಿತ್ತು.

ಅವರು ಮಲಪ್ರಭೆಯ ದಂಡೆಯಲ್ಲಿ, ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಸೆರಗು ಎಳೆದುಕೊಂಡು ನದಿಯ ಕಡೆ ತಿರುಗಿದರು. ನಾನು ನಾಲ್ಕು ಮೆಟ್ಟಿಲು ಮೇಲೆ ಕೂತೆ. ಅಲ್ಲಿ ಗೋಡೆ ಇಲ್ಲ, ಕಂಬ ಇಲ್ಲ, ಹೆಂಡತಿ ಇಲ್ಲ. ಮಲಪ್ರಭೆ ಮುಂದೆ ಹೋಗಿ ಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಅವರ ಊರಿದ್ದ ಜಾಗ ದೂರವಿಲ್ಲ. ಅತ್ತೆ ನೀರಿಗೆ ಹೇಳಿದರು:

"ನೀನೂ ಅಲ್ಲಿಗೇ ಹೊಂಟೀದಿ ಹೌದಲ್ಲೋ? ಹೋಗು. ನನ್ನ ಹೊಲಾ ಹ್ಯಾಂಗೈತಿ ನೋಡು ಹೋಗು."

ಬರ್ರಿ ಅನ್ನಲು ಬಾಯಿ ಬರಲಿಲ್ಲ, ಹಾಗಂದರೆ ಸೋತಂತೆ. ಬರಬೇಡಿ ಅನ್ನಲು ಬಂದಿರಲಿಲ್ಲ. ಕಡೆಗೆ ನಾನೂ ನದಿಗೇ ಹೇಳಿದೆ:

"ಇಳಕಲ್ಲಾಗ ಮಳಿ ಆತು. ತಂಗಡಿ ಹಿಡದಾವು. ಬನ್ನಿ ಚಿಗತೈತಿ." ಅವರು ಅಲುಗಲಿಲ್ಲ. "ಆದ್ರ ಅದರ ನಡುವ ಕರಕಿ ಮತ್ತ ಎದ್ದೈತಿ."

ಅತ್ತೆ ಗಕ್ಕನೆ ತಿರುಗಿದರು. ಸೆರಗು ಜಾರಿತ್ತು. ನನ್ನ ಮುಖವನ್ನೇ, ಎರಡೂ ಕಣ್ಣಿಟ್ಟು ನೋಡಿ ಕೇಳಿದರು:

"ಯಾವ ಬಾಜೂ?"

ಮದುವೆಯಾದಂದಿನಿಂದ ಅವರು ನೇರವಾಗಿ ನನಗೆ ಆಡಿದ ಮೊದಲ ಮಾತು ಅದು. ಗಾಬರಿಯಲ್ಲಿ ನಾನು ಕೈಯಿಂದ ಎಡಗಡೆ ತೋರಿಸಿದೆ. ಅತ್ತೆ, "ಗೇಟಿನ ಕಡೆ! ಅಲ್ಲೆ ಮಗಳು ಕಡ್ಯಾಕ ಬಿಡ್ಲಿಲ್ಲ, ಗುಲಾಬಿ ಐತಿ ಅಂದ್ಳು. ನಂಗೊತ್ತಿತ್ತು!" ಅಂದವರೇ ಎದ್ದು, ಕೌದಿ ತರಲು ಮಂದಿರದ ಕಡೆ ನಡೆದುಬಿಟ್ಟರು. ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಮನೆ ಮುಟ್ಟಿದ ಕೂಡಲೇ ಸೆರಗು ಎಳೆದುಕೊಂಡು ಕಂಬಕ್ಕೆ ಹೇಳಿದರು: "ಹುಲ್ಲಿನ ಗೌಡ್ರಿಗೆ ಚಾ ಮಾಡಂತ ಹೇಳು. ಬಸ್ಸಿನ್ಯಾಗ ದಾರಿಯುದ್ದಕ್ಕೂ ನರಳ್ಯಾರ."

ಅಲ್ಲಿಂದ ಮುಂದೆ ನಮ್ಮ ಮನೆಯ ಮುಂದೆ ಎಂಥ ಚೆಂದದ ತೋಟವಾಯಿತು ಎಂದು ನಾನು ಬಣ್ಣಿಸುವುದಿಲ್ಲ. ಆ ಸುಖ ಅವರಿಗೆ ಕೊಡಲಾರೆ. ಎಷ್ಟು ಬೇಕೋ ಅಷ್ಟೇ ಹೇಳುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ತಂಗಡಿ ಹಳದಿ ಹೂವು ಹೊತ್ತು ನಿಲ್ಲುತ್ತಿತ್ತು, ಓಣಿಯ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಬರುತ್ತಿದ್ದರು. ದಸರೆಗೆ ಬನ್ನಿ ತಪ್ಪಲಿಗೆ ಯಾರೂ ಊರ ಹೊರಗೆ ಹೋಗುತ್ತಿರಲಿಲ್ಲ. ಬಾರಿ ಹಣ್ಣಿಗೆ ಶಾಲೆಯ ಮಕ್ಕಳೆಲ್ಲ ಕಂಪೌಂಡು ಹಾರುತ್ತಿದ್ದರು. ನೇಕಾರ ಲಕ್ಕಿಯ ನೆರಳಿಗೆ ಬಂದು ಕೂತು ಬೀಡಿ ಸೇದುತ್ತಿದ್ದ. ಯಾರೂ ಯಾರಿಗೂ "ಹಿತ್ತಲ ಕಡಿಂದ ಬರ್ರಿ" ಅನ್ನುತ್ತಿರಲಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಕುಡಿಯಲು ಉಳಿಯುತ್ತಿತ್ತು. ನನಗೂ ಒಂದು ಕುರ್ಚಿ ಹಾಕಿಕೊಳ್ಳಲು ಜಾಗ ಸಿಕ್ಕಿತು. ಕೂತಾಗೆಲ್ಲ ಒಂದಿಲ್ಲೊಂದು ಮುಳ್ಳು ಚುಚ್ಚುತ್ತಿತ್ತು. ಅದು ಅವರು ಬೇಕೆಂದೇ ಬಿಟ್ಟದ್ದು ಎಂಬ ಗುಮಾನಿ ನನಗೆ ಈಗಲೂ ಇದೆ.

ಆದರೆ ಕರಕಿ ಪೂರ್ತಿ ಹೋಗಲಿಲ್ಲ. ನಾನು ಅಷ್ಟು ನೀರು ಕುಡಿಸಿ ಸಾಕಿದ್ದು ಎಲ್ಲಿ ಹೋಗುತ್ತದೆ? ಪ್ರತಿ ಮಳೆಗೆ ಎಲ್ಲೋ ಒಂದು ಕಡೆ ತಲೆ ಎತ್ತುತ್ತಿತ್ತು. ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಗಿಡಗಳ ಬುಡ ಸುತ್ತುತ್ತಿದ್ದರು, ಕಳ್ಳನನ್ನು ಹುಡುಕುವ ಪೊಲೀಸರ ಹಾಗೆ. ಆ ವೈರ ಅವರನ್ನು ಗಟ್ಟಿಯಾಗಿ ಇಟ್ಟಿತ್ತು. ಮಗಳ ಮನೆಯ ಅನ್ನ ಅವರಿಗೆ ಆಮೇಲೆ ಎಂದೂ ಚುಚ್ಚಲಿಲ್ಲ. ದುಡಿದೇ ಉಣ್ಣುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ಹಾಸಿಗೆ ಹಿಡಿದರು. ದವಾಖಾನಿ ಬೇಡ ಎಂದು ಪಡಸಾಲೆಯಲ್ಲೇ, ಕಂಬದ ಬುಡದಲ್ಲಿ ಮಲಗಿದರು. ಒಂದು ಸಂಜೆ ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಕಂಬಕ್ಕೆ ಹೇಳಿದರು: "ಮೂಲ್ಯಾಗಿನ ಕವಳಿ ಬುಡಕ ಐತಿ. ಹಾಸಿಗಿ ಹಿಡ್ಯೂಕಿಂತ ಮೊದ್ಲ ನೋಡಿದ್ನಿ."

ಜ್ವರದಲ್ಲಿ ಏನೋ ಬಡಬಡಿಸುತ್ತಾಳೆ ಎಂದು ಹೆಂಡತಿ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ನಾನು ಕುರ್ಚಿಗಿ ತೆಗೆದುಕೊಂಡು ಹೊರಗೆ ಹೋದೆ. ಕವಳಿಯ ಮುಳ್ಳು ಕೈಯೆಲ್ಲ ಗೀರಿತು. ಮಣ್ಣು ಬಗೆದು ಬಗೆದು, ಉದ್ದನೆಯ ಬೇರು ಸಮೇತ ಕರಕಿಯನ್ನು ಎಳೆದು ತಂದು ಅವರ ಮುಂದೆ ಹಿಡಿದೆ. ಅವರು ಕಣ್ಣು ತೆರೆದು, ಬೇರನ್ನು ಮೇಲಿಂದ ಕೆಳಗಿನ ತನಕ ನೋಡಿದರು.

"ತುದಿ ಉಳದೈತಿ," ಅಂದರು.

ಮರುದಿನ ಹೊತ್ತು ಏರುವುದರೊಳಗೆ ಹೋದರು.

ನಮ್ಮಲ್ಲಿ ಹೂಳುತ್ತಾರೆ. ಇಳಕಲ್ಲಿನ ರುದ್ರಭೂಮಿಯಲ್ಲಿ ಮಣ್ಣು ಮಾಡಿದೆವು. ಹೆಂಡತಿ ತಂಗಡಿಯ ಹೂವು ತಂದು ಹಾಕಿದಳು. ಮಳೆಗಾಲ ಬಂತು. ಒಂದು ಸೋಮವಾರ ಹೋಗಿ ನೋಡಿದರೆ ಮಣ್ಣಿನ ಗುಂಪಿಯ ಮೇಲೆಲ್ಲ ಹಸಿರು. ಮೆತ್ತಗೆ, ಒಂದೇ ಸಮ, ನಾನು ಒಂದು ಕಾಲಕ್ಕೆ ಕನಸು ಕಂಡ ಹಾಗೆ. ಜೊತೆಗೆ ಬಂದಿದ್ದ ಓಣಿಯ ಹಿರಿಯರು, "ಎಷ್ಟು ಚೊಲೋ ಹಸರ ಹಾಸೇತಿ ನೋಡ್ರಿ. ಪುಣ್ಯವಂತಿ. ಹಂಗ ಇರ್ಲಿ ಬಿಡ್ರಿ," ಅಂದರು.

ಅತ್ತೆ ಎದ್ದು ಕೂತರೆ ಏನು ಗತಿ ಎಂಬ ಚಿಂತೆ ನನಗೆ. ಮೊಣಕಾಲೂರಿ ಕೂತೆ. ಕೈಯಿಂದಲೇ ಬಗೆದೆ. ಹಿರಿಯರು ಸ್ವಲ್ಪ ಹೊತ್ತು ನೋಡಿ, ಇವನಿಗೆ ಏನೋ ಆಗಿದೆ ಎಂದು ಹೊರಟುಹೋದರು. ಬೇರು ತುಂಡಾಗುತ್ತಿತ್ತು, ತುಂಡಾದದ್ದರ ಜಾಡು ಹಿಡಿದು ಮತ್ತೆ ಬಗೆಯುತ್ತಿದ್ದೆ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ರಕ್ತ ಬಂದಿತ್ತು. ಕೊನೆಗೆ ಒಂದು ಬಂತು, ಬೆಳ್ಳಗೆ, ಸೂಜಿಯಂಥ ತುದಿ ಸಮೇತ.

ಸುತ್ತ ನೋಡಿದೆ. ಗೋಡೆ ಇಲ್ಲ, ಕಂಬ ಇಲ್ಲ. ಮಣ್ಣಿನ ಕಡೆಗೇ ಮುಖ ಮಾಡಿ, ಬೇರು ಎತ್ತಿ ಹಿಡಿದೆ.

"ಅತ್ತಿ, ನೋಡ್ರಿ," ಅಂದೆ. "ತುದಿ ಬಂದೈತಿ."

ಉತ್ತರ ಬರಲಿಲ್ಲ. ಬರದಿದ್ದರೆ ಅದರ ಅರ್ಥ ಇನ್ನೂ ಎಲ್ಲೋ ಉಳಿದಿದೆ ಅಂತಲೇ. ಮುಂದಿನ ಸೋಮವಾರ ಮತ್ತೆ ಹೋಗಬೇಕು.